ಚಿಲಕ ಇರುವ ಆಫೀಸು

ಭಾನುವಾರ ಬೆಳಗ್ಗೆ ಆರೂವರೆಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಾವು ನಾಲ್ಕು ಜನ ಸೇರುತ್ತೇವೆ. ಹೆಸರಿಗೆ ವಾಕಿಂಗ್. ನಾನು, ರೂಪಾ, ಸವಿತಾ, ನಾಗರತ್ನ. ನಾಲ್ವರೂ ಸಾಫ್ಟ್‌ವೇರಿನವರು. ಅರ್ಧ ಸುತ್ತು ಮುಗಿಯುವ ಹೊತ್ತಿಗೆ ಕಾಲು ನಿಧಾನವಾಗುತ್ತದೆ, ಬಾಯಿ ಜೋರಾಗುತ್ತದೆ. ಬೆಂಚು ಕಂಡರಂತೂ ಮುಗಿಯಿತು.

ಸವಿತಾ ಮಂಡ್ಯದವಳು. ಮದುವೆಯಾಗಿ ಕುವೆಂಪುನಗರಕ್ಕೆ ಬಂದು ಹನ್ನೆರಡು ವರ್ಷವಾದರೂ ನಾಲಿಗೆ ಇನ್ನೂ ಮಂಡ್ಯದಲ್ಲೇ ಇದೆ.

"ಅಲ್ಲ ಕಣಮ್ಮಿ, ವರಮಾಲಕ್ಷ್ಮಿ ಹಬ್ಬ ವರ್ಸಾ ವರ್ಸಾ ಸುಕ್ರವಾರನೇ ಬರದು ಅಂತ ನಮ್ ಮ್ಯಾನೇಜರ್‌ಗೆ ಗೊತ್ತಿಲ್ವಾ? ರಿಲೀಸ್ ಅದೇ ದಿನ ಮಡಗವ್ನೆ!"

ರಿಲೀಸ್ ಅಂದರೆ ಹೊಸ ಸಾಫ್ಟ್‌ವೇರನ್ನು ಬಳಸುವವರ ಕೈಗೆ ಬಿಡುವುದು. ಅದನ್ನು ಶುಕ್ರವಾರ ಮಾಡಬಾರದು ಅನ್ನುವುದು ನಮ್ಮ ಕಸುಬಿನಲ್ಲಿ ಮಂಗಳವಾರ ಕ್ಷೌರ ಮಾಡಿಸಬಾರದು ಅನ್ನುವ ಥರದ ಮಾತು. ಎಲ್ಲರಿಗೂ ಗೊತ್ತು, ಎಲ್ಲೂ ಬರೆದಿಲ್ಲ. ಏನಾದರೂ ಕೆಟ್ಟರೆ ಶನಿವಾರ, ಭಾನುವಾರ ಯಾರೂ ಕೈಗೆ ಸಿಗುವುದಿಲ್ಲ. ಅದಕ್ಕೆ.

"ಆಮೇಲೇನಾಯ್ತು?"

"ಇನ್ನೇನಾಗ್ತದೆ? ಒಂದ್ ಕೈಲಿ ಕಳಸದ ಸೀರೆ ನೆರಿಗೆ, ಇನ್ನೊಂದ್ ಕೈಲಿ ಮೌಸು. ಕಿವಿಗೆ ಹೆಡ್‌ಫೋನು. ಅಷ್ಟೊತ್ಗೆ ಪಕ್ಕದ್ಮನೆಯವ್ರು ಅರಿಶಿನ ಕುಂಕುಮಕ್ಕೆ ಬಂದ್ರು. ಅವ್ರ ಮುಖ ನೋಡ್ಕಂಡೇ, 'ಎಲ್ಲಾರ್ಗೂ ನನ್ ಸ್ಕ್ರೀನ್ ಕಾಣ್ತಾ ಇದ್ಯಾ?' ಅಂದ್ಬುಟ್ಟೆ."

"ಅಯ್ಯೋ! ಅವರೇನಂದ್ರು?"

"'ಚೆನ್ನಾಗಿ ಕಾಣ್ತಾ ಇದೆ ಕಣಮ್ಮ, ಮುಖವಾಡ ಬೆಳ್ಳೀದಾ?' ಅಂದ್ರು."

ನಕ್ಕ ಸದ್ದಿಗೆ ಜಾಗಿಂಗ್ ಮಾಡುತ್ತಿದ್ದ ಒಬ್ಬ ಯಜಮಾನರು ತಿರುಗಿ ನೋಡಿದರು. ದೂರದ ಮರದ ಮೇಲೆ ಹೆಜ್ಜಾರ್ಲೆಗಳು ಮಾತ್ರ ಅಲ್ಲಾಡಲಿಲ್ಲ. ನಮ್ಮ ಸ್ಟ್ಯಾಂಡಪ್ ಮೀಟಿಂಗ್ ಥರಾನೇ. ಎಲ್ಲರೂ ನಿಂತಿರುತ್ತಾರೆ, ಯಾರಿಗೂ ಹೇಳುವುದಕ್ಕೆ ಏನೂ ಇರುವುದಿಲ್ಲ.

ನನ್ನ ಗೋಳು ಬೇರೆ. ನಮ್ಮ ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ವರ್ಕ್ ಫ್ರಮ್ ಹೋಮ್. ಇಬ್ಬರದೂ ಹೆಚ್ಚು ಕಡಿಮೆ ಒಂದೇ ಕೆಲಸ. ಅವರಿಗೆ ಬಾಗಿಲಿರುವ ರೂಮು, ನನಗೆ ಡೈನಿಂಗ್ ಟೇಬಲ್ಲು. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ತಾನಾಗೇ ಹಾಗಾಯಿತು. ಲ್ಯಾಪ್‌ಟಾಪಿನ ಎಡಕ್ಕೆ ಉಪ್ಪಿನಕಾಯಿ ಜಾಡಿ, ಬಲಕ್ಕೆ ಬಿಡಿಸದ ಅವರೆಕಾಯಿ, ಹಿಂದೆ ಅತ್ತೆಯವರ ಮಿಕ್ಸಿ. ಅತ್ತೆ ಒಳ್ಳೆಯವರು. ಹೊತ್ತು ಹೊತ್ತಿಗೆ ಕಾಫಿ ತಂದು ಇಡುತ್ತಾರೆ. ಆದರೆ ನಾನು ಸ್ಕ್ರೀನ್ ನೋಡುತ್ತಾ ಸುಮ್ಮನೆ ಕೂತಿದ್ದರೆ, "ಸುಮ್ನೆ ಕೂತಿದ್ದೀಯಲ್ಲ, ಸ್ವಲ್ಪ ಹಾಲು ನೋಡ್ಕೊ" ಅನ್ನುತ್ತಾರೆ. ನನ್ನ ಕೆಲಸದಲ್ಲಿ ಕಷ್ಟದ ಭಾಗವೆಲ್ಲ ಸುಮ್ಮನೆ ಕೂತಾಗಲೇ ಆಗೋದು ಅಂತ ಹೇಗೆ ಹೇಳಲಿ? ಟೈಪ್ ಮಾಡುವುದು ಗುಮಾಸ್ತಿಕೆ. ಹಾಲು ನಾಲ್ಕು ಸಲ ಉಕ್ಕಿದೆ, ಪ್ರೋಗ್ರಾಂ ಒಳಗೆ ಅಡಗಿರುವ ತಪ್ಪು, ಅಂದರೆ ಬಗ್, ಇನ್ನೂ ಹಾಗೇ ಇದೆ.

ರೂಪಾ ವಾರಕ್ಕೆ ಎರಡು ದಿನ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೋಗುತ್ತಾಳೆ. ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ. "ಪಾಪ ಗೀಪ ಏನಿಲ್ಲ ಕಣ್ರೇ. ಕಿಟಕಿ ಸೀಟು ಸಿಕ್ಕಿದ್ರೆ ಎರಡು ಮೂರು ಗಂಟೆ ಯಾರೂ ಜೀರಿಗೆ ಎಲ್ಲಿದೆ ಅಂತ ಕೇಳಲ್ಲ" ಅಂದಳು. ನಮಗೆಲ್ಲ ಹೊಟ್ಟೆಕಿಚ್ಚಾಯಿತು.

ನಾಗರತ್ನ ನಮ್ಮಲ್ಲಿ ಓದಿಕೊಂಡವಳು. ಅವಳು ಮಾರ್ಗರೆಟ್ ಹ್ಯಾಮಿಲ್ಟನ್ ಕಥೆ ತೆಗೆದಳು. 1960ರ ದಶಕದಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ, ಚಂದ್ರಯಾನದ ಅಪೋಲೊ ನೌಕೆಗಳ ಸಾಫ್ಟ್‌ವೇರ್ ಬರೆದ ತಂಡದ ಮುಖ್ಯಸ್ಥೆ. ರಾತ್ರಿ ಹೊತ್ತು, ರಜಾ ದಿನ ಪುಟ್ಟ ಮಗಳು ಲಾರೆನ್‌ನನ್ನೂ ಲ್ಯಾಬಿಗೆ ಕರೆದುಕೊಂಡು ಹೋಗುತ್ತಿದ್ದರಂತೆ. ಒಂದು ದಿನ ಮಗು ಸಿಮ್ಯುಲೇಟರ್ ಮುಂದೆ ಗಗನಯಾತ್ರಿ ಆಟ ಆಡುತ್ತಾ ಏನೋ ಒತ್ತಿತು. ಹಾರಾಟದ ನಡುವೆ ಉಡಾವಣೆಗೆ ಮುಂಚಿನ ಪ್ರೋಗ್ರಾಂ ಶುರುವಾಗಿ ಎಲ್ಲ ನಿಂತುಹೋಯಿತು. ಇದಕ್ಕೊಂದು ತಡೆ ಹಾಕೋಣ ಅಂತ ಹ್ಯಾಮಿಲ್ಟನ್ ಹೇಳಿದರೆ, ಮೇಲಿನವರು ಬೇಡ ಅಂದರು. ಅಷ್ಟೊಂದು ತರಬೇತಿ ಪಡೆದ ಗಗನಯಾತ್ರಿಗಳು ಅಂಥ ತಪ್ಪು ಮಾಡುವುದಿಲ್ಲವಂತೆ. 1968ರ ಡಿಸೆಂಬರಿನಲ್ಲಿ ಅಪೋಲೊ 8 ಚಂದ್ರನನ್ನು ಸುತ್ತಿ ವಾಪಸ್ ಬರುವಾಗ ಗಗನಯಾತ್ರಿ ಜಿಮ್ ಲೊವೆಲ್ ಅದೇ ತಪ್ಪು ಮಾಡಿದರು. ದಾರಿ ಲೆಕ್ಕ ಅಳಿಸಿಹೋಗಿ, ಮತ್ತೆ ಸರಿಮಾಡಬೇಕಾಯಿತು.

ಸವಿತಾ ಸ್ವಲ್ಪ ಹೊತ್ತು ಯೋಚನೆ ಮಾಡಿದಳು. "ಅವತ್ತು ಆ ಮಗೀನ ನೋಡ್ಕಳಕೆ ಮನೇಲಿ ಅತ್ತೆ ಇದ್ದಿದ್ರೆ ಬಗ್ಗೇ ಸಿಕ್ತಿರ್ನಿಲ್ಲ ಬುಡು."

ಲ್ಯಾಬಿಗೆ ಮಗು ಬಂದ ಮೇಲೆ ಮಾತು ಶಿಶುಪಾಲನೆಗೆ ತಿರುಗಿತು. 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತಲ್ಲ, ಅದೇ ತಿದ್ದುಪಡಿಯಲ್ಲಿ 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಬಹುದು ಅಂತಲೂ ಇದೆ. ನಾಗರತ್ನ ಹಳೇ ಆಫೀಸಿನಲ್ಲಿ ಎರಡು ಸಲ ಎದ್ದು ಹೋಗಿದ್ದಕ್ಕೇ ತಂಡದ ಲೀಡ್ ಗಡಿಯಾರ ನೋಡಿದ್ದನಂತೆ. ಅದೇ ಲೀಡ್ ದಿನಕ್ಕೆ ಆರು ಸಲ ಸಿಗರೇಟಿಗೆ ಕೆಳಗೆ ಇಳಿಯುತ್ತಿದ್ದ. ಅದಕ್ಕೆ ಕಾನೂನೇ ಬೇಕಾಗಿರಲಿಲ್ಲ.

"ನಮ್ಮಲ್ಲಿ ಮಹಿಳಾ ದಿನಕ್ಕೆ ಒಂದೊಂದು ಕುಂಡದ ಗಿಡ ಕೊಟ್ರು" ಅಂದಳು ರೂಪಾ. "ಈಗ ಅದಕ್ಕೂ ನೀರು ಹಾಕ್ಬೇಕು."

ಸರಸ್ವತಿಪುರಂನಲ್ಲಿ ಇಡ್ಲಿ ತಿಂದು, ಬೈ ಟು ಕಾಫಿ ಕುಡಿದು ಮನೆಗೆ ಬಂದಾಗ ಒಂಬತ್ತೂವರೆ. ಮನೆ ಮೌನವಾಗಿತ್ತು. ನನಗೆ ಭಯವಾಯಿತು.

ರೂಮಿನ ಫ್ಯಾನ್ ಕೆಟ್ಟಿತ್ತಂತೆ. ಅವರ ಕಂಪನಿಯಲ್ಲಿ ಏನೋ ತುರ್ತು ಬೇರೆ. ಹಾಗಾಗಿ ಯಜಮಾನರು ಲ್ಯಾಪ್‌ಟಾಪ್ ತಂದು ಡೈನಿಂಗ್ ಟೇಬಲ್ ಮೇಲೆ, ನನ್ನ ಜಾಗದಲ್ಲೇ ಕೂತಿದ್ದರು. ಉಪ್ಪಿನಕಾಯಿ ಜಾಡಿ ಇಲ್ಲ, ಅವರೆಕಾಯಿ ಇಲ್ಲ. ಟೇಬಲ್ ಫಳಫಳ ಹೊಳೆಯುತ್ತಿತ್ತು. ಮಿಕ್ಸಿಯಲ್ಲಿ ಚಟ್ನಿ ಅರ್ಧ ಅರೆದು ನಿಂತಿತ್ತು. ಅವರು ಸ್ಕ್ರೀನ್ ನೋಡುತ್ತಾ ಸುಮ್ಮನೆ ಕೂತಿದ್ದರು.

ಅತ್ತೆ ತುಟಿ ಮೇಲೆ ಬೆರಳಿಟ್ಟುಕೊಂಡು ಪಿಸುಗುಟ್ಟಿದರು. "ಮೆಲ್ಲಗೆ ಬಾರೆ. ಅವನು ಏನೋ ಯೋಚನೆ ಮಾಡ್ತಿದ್ದಾನೆ."

ನಾನು ಮೆಲ್ಲಗೇ ಹೋದೆ. ನನ್ನ ಲ್ಯಾಪ್‌ಟಾಪ್ ಎತ್ತಿಕೊಂಡು, ಫ್ಯಾನ್ ಇಲ್ಲದ ರೂಮಿಗೆ ನುಗ್ಗಿ, ಒಳಗಿಂದ ಚಿಲಕ ಹಾಕಿಕೊಂಡೆ. ಸೆಕೆ ವಿಪರೀತ ಇತ್ತು. ಒಂದು ಗಂಟೆ ಆಚೆ ಬರಲಿಲ್ಲ. ಬಗ್ ಸಿಕ್ಕಿತು.