ಅಭಾವ, ಕೊರತೆ, ತತ್ವಾರ: ಯಾವುದು ಎಲ್ಲಿ ಸಲ್ಲುತ್ತದೆ?

ಮಾನ್ಯರೇ,

ಚಿಕ್ಕಮಗಳೂರಿನ ಪದವಿ ವಿದ್ಯಾರ್ಥಿಗಳಿಗಾಗಿ ದೇಶದ ಕೈಗಾರಿಕೆಗಳ ಇಂಧನ ಮತ್ತು ಕಚ್ಚಾವಸ್ತುಗಳ ಸ್ಥಿತಿಯನ್ನು ಕುರಿತು ಟಿಪ್ಪಣಿಯೊಂದನ್ನು ಬರೆಯುತ್ತಿದ್ದೇನೆ. ಪತ್ರಿಕೆಗಳು ಒಂದೇ ಸುದ್ದಿಯ ತಲೆಬರಹದಲ್ಲಿ ‘ಕಲ್ಲಿದ್ದಲು ಅಭಾವ’ ಎಂದೂ ಒಳಗೆ ‘ಕಲ್ಲಿದ್ದಲು ಕೊರತೆ’ ಎಂದೂ ಬರೆಯುವುದುಂಟು. ಇವೆರಡನ್ನೂ ಸಮಾನಾರ್ಥಕಗಳೆಂದು ಬಿಟ್ಟುಬಿಡಬಹುದೇ?

ಬಿಡಲಾಗದೆಂದು ನನ್ನ ಎಣಿಕೆ. ಬೇಕಾದಷ್ಟಕ್ಕೆ ಇರುವುದು ಸಾಲದಿದ್ದರೆ ಕೊರತೆ. ಅದಕ್ಕೊಂದು ಅಳತೆಯಿದೆ, ಇಂದು ಬಿದ್ದದ್ದನ್ನು ನಾಳೆ ತುಂಬಬಹುದು. 2021ರ ಅಕ್ಟೋಬರಿನಲ್ಲಿ ಉಷ್ಣವಿದ್ಯುತ್ ಸ್ಥಾವರಗಳ ದಾಸ್ತಾನು ಕರಗಿದಾಗ ನಮ್ಮ ದೇಶದ ನೆಲದೊಳಗೆ ಕಲ್ಲಿದ್ದಲಿಗೇನೂ ಕಡಿಮೆಯಿರಲಿಲ್ಲ. ಏರಿದ ಬೇಡಿಕೆ, ಗಣಿಗಳಿಗೆ ನುಗ್ಗಿದ ಮಳೆನೀರು, ಆಮದಿನ ದುಬಾರಿ ಬೆಲೆ ಎಲ್ಲವೂ ಕೂಡಿ ಬಂದಿದ್ದವು. ಅಭಾವವಾದರೋ ಇಲ್ಲದಿರುವಿಕೆ. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲದ್ದರಿಂದಲೇ 1923ರಲ್ಲಿ ಹೊತ್ತಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಊದುಕುಲುಮೆಗೆ ನಮ್ಮ ಕೆಮ್ಮಣ್ಣುಗುಂಡಿಯ ಅದಿರಿನೊಡನೆ ಮಲೆನಾಡಿನ ಮರ ಸುಟ್ಟ ಇದ್ದಲನ್ನು ಹಾಕಬೇಕಾಯಿತು. (ಕಲ್ಲಿದ್ದಲು ಎಂಬ ಪದವನ್ನು ಕಟ್ಟಿದವರೂ ಮೊದಲು ಇದ್ದಲನ್ನೇ ಬಲ್ಲವರು.) ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಎಂದೂ ಇಲ್ಲದ್ದಕ್ಕೆ ಅತ್ಯಂತಾಭಾವವೆಂದೂ ಇದ್ದು ಅಳಿದದ್ದಕ್ಕೆ ಪ್ರಧ್ವಂಸಾಭಾವವೆಂದೂ ಹೆಸರಿಟ್ಟಿದ್ದಾರೆ, ಬರಿದಾದ ಗಣಿಗೆ ಎರಡನೆಯದು ಚೆನ್ನಾಗಿ ಒಪ್ಪುತ್ತದೆ, ಹುಡುಗರು ತರಗತಿ ಬಿಟ್ಟು ಓಡದಿದ್ದರೆ.

ತೊಡಕಾಗಿರುವುದು ಕುದುರೆಮುಖ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು, ನಿಂತದ್ದು ಒಳ್ಳೆಯದೇ ಆಯಿತು. ಅದಿರು ಬೆಟ್ಟದಲ್ಲಿ ಇನ್ನೂ ಇದೆ. ಅದನ್ನು ನಂಬಿದ್ದ ಮಂಗಳೂರಿನ ಪೆಲೆಟ್ (ಅದಿರಿನ ಪುಡಿಯ ಉಂಡೆ) ಘಟಕ ಮಾತ್ರ ಬೇರೆಡೆಯಿಂದ ಅದಿರು ತರಿಸಬೇಕಾಯಿತು. ಇದು ಅಭಾವವಲ್ಲ, ತುಂಬಿಕೊಡುವಂತಿಲ್ಲವಾಗಿ ಕೊರತೆಯೆಂದರೂ ಸಾಲದು. ‘ಅಲಭ್ಯತೆ’ಗೆ ಸುತ್ತೋಲೆಯ ವಾಸನೆಯಿದೆ. ಪಠ್ಯಗಳ ‘ವಿರಳತೆ’ಯೂ ದಾರಿ ತಪ್ಪಿಸುತ್ತದೆ: ವಿರಳ ಭಸ್ಮ ಧಾತುಗಳಲ್ಲಿ (ರೇರ್ ಅರ್ತ್ಸ್) ಒಂದಾದ ಸೀರಿಯಂ ಭೂಮಿಯ ಹೊರಪದರದಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಈ ಧಾತುಗಳ ಸಂಸ್ಕರಣೆ ಬಹುಪಾಲು ಚೀನಾದ ಕೈಯಲ್ಲಿರುವುದರಿಂದ, 2025ರ ಏಪ್ರಿಲಿನಲ್ಲಿ ಅದು ರಫ್ತಿಗೆ ಪರವಾನಗಿಯ ಕಟ್ಟು ಹಾಕಿದೊಡನೆ ನಮ್ಮ ವಾಹನ ತಯಾರಕರು ಇವುಗಳಿಂದ ಮಾಡುವ ಅಯಸ್ಕಾಂತಗಳಿಗಾಗಿ ಪರದಾಡಿದರು.

ಇಂಥಲ್ಲಿ ನನಗೆ ನೆನಪಾಗುವುದು ನಮ್ಮ ಕಡೆ ಎಲ್ಲರ ಬಾಯಲ್ಲಿರುವ ‘ತತ್ವಾರ’. ‘ನೀರಿನ ಕೊರತೆ’ ಎನ್ನುವ ನಾವೇ ‘ನೀರಿಗೆ ತತ್ವಾರ’ ಎನ್ನುತ್ತೇವೆ. ವಿಭಕ್ತಿ ಬದಲಾದೊಡನೆ ನೋಟವೂ ಬದಲಾಗುತ್ತದೆ. ಅಭಾವ, ಕೊರತೆಗಳು ವಸ್ತುವಿನ ಮಾತಾಡಿದರೆ, ತತ್ವಾರ ಅದು ಬೇಕಾದವನ ಪಾಡನ್ನು ಹೇಳುತ್ತದೆ. ವಸ್ತು ಬೆಟ್ಟದಲ್ಲಿದೆಯೋ ಪರದೇಶದಲ್ಲಿದೆಯೋ ಎಂಬ ಗೊಡವೆ ಅದಕ್ಕಿಲ್ಲ. ಕಚ್ಚಾತೈಲದಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚನ್ನು ಹೊರಗಿನಿಂದ ತರಿಸುವ ದೇಶಕ್ಕೆ ಈ ಪದ ಅನ್ವರ್ಥವೆನಿಸುತ್ತದೆ.

ಆದರೆ ‘ಕಚ್ಚಾವಸ್ತು ತತ್ವಾರ’ ಎಂದು ಸಮಾಸ ಮಾಡಿದರೆ ‘ಗೆ’ ಹೋಗಿ ಪದದ ಬಲವೇ ಕುಗ್ಗಿದಂತೆ ಕೇಳುತ್ತದೆ. ಚತುರ್ಥಿಯ ಹಂಗಿಲ್ಲದೆ ಈ ಪದವನ್ನು ಬಳಸಿದ್ದನ್ನು ಯಾರಾದರೂ ಕಂಡಿದ್ದೀರಾ? ಹಾಸನದ ಕಡೆಯವರು ಇದನ್ನು ಕೊಂಡರೂ ಸಿಗದ ವಸ್ತುವಿಗಷ್ಟೇ ಹೇಳುತ್ತಾರೋ, ಬೆಲೆ ಕೈಗೆಟುಕದ್ದಕ್ಕೂ ಹೇಳುತ್ತಾರೋ ತಿಳಿಸಿದರೆ ಉಪಕಾರವಾದೀತು.