ಪುಡಿಯಾಗುತ್ತಿರುವ ಮನೆಯ ಸಾಬೂನನ್ನು ತುರಿದು ಮತ್ತೆ ಕಾಯಿಸಿದರೆ ಸರಿಹೋಗುವುದೇ?

ಪ್ರಶ್ನೆ: ಹೊಸಕಲಿಕೆ, ಶಿರಸಿ

ಎಲ್ಲರಿಗೂ ನಮಸ್ಕಾರ. ಸಾಬೂನು ತಯಾರಿಕೆಗೆ ನಾನು ತೀರಾ ಹೊಸಬಳು. ಕೋಲ್ಡ್ ಪ್ರೋಸೆಸ್, ಅಂದರೆ ಒಲೆಯ ಮೇಲೆ ಬೇಯಿಸದೆ ಎಣ್ಣೆಗೆ ಸೋಡಾ ನೀರು ಬೆರೆಸಿ ಮಾಡುವ ವಿಧಾನದಲ್ಲಿ ಕಳೆದ ವಾರ ಮೊದಲ ಬ್ಯಾಚ್ ಮಾಡಿದೆ. ಪರಿಚಿತರೊಬ್ಬರು ಬರೆದುಕೊಟ್ಟ ಅಳತೆಯಲ್ಲಿ ಎಣ್ಣೆ ಒಟ್ಟು ಒಂದು ಕಿಲೋ ಎಂದಿತ್ತು. ಅದರಂತೆ 600 ಮಿ.ಲೀ. ಕೊಬ್ಬರಿ ಎಣ್ಣೆ, 300 ಮಿ.ಲೀ. ಅಕ್ಕಿ ತೌಡಿನ ಎಣ್ಣೆ, 100 ಮಿ.ಲೀ. ಹರಳೆಣ್ಣೆ ತೆಗೆದುಕೊಂಡು, 330 ಗ್ರಾಂ ನೀರಿನಲ್ಲಿ ಕರಗಿಸಿ ಆರಿಸಿದ 153 ಗ್ರಾಂ ಕಾಸ್ಟಿಕ್ ಸೋಡಾ ಸೇರಿಸಿದೆ. ಮಿಶ್ರಣ ಸ್ವಲ್ಪ ದಪ್ಪವಾದಂತೆ ಕಂಡ ಕೂಡಲೇ ಅಚ್ಚಿಗೆ ಸುರಿದೆ.

ಈಗ ಕತ್ತರಿಸಲು ಹೋದರೆ ಅಂಚುಗಳು ಪುಡಿಪುಡಿಯಾಗಿ ಉದುರುತ್ತಿವೆ. ಒಳಗೆ ಅಲ್ಲಲ್ಲಿ ಬಿಳಿಯ ಗೆರೆಗಳಿವೆ. ಅರಿಶಿನದ ನೀರು ಹಾಕಿ ನೋಡಿದರೆ ಕೆಂಪಗಾಯಿತು, ಅದರಿಂದ ಭಯ ಇನ್ನಷ್ಟು ಹೆಚ್ಚಾಗಿದೆ. ಎಲ್ಲವನ್ನೂ ಎಸೆಯಬೇಕೆಂದು ಒಬ್ಬರು, ತುರಿದು ಕರಗಿಸಿದರೆ ಸಾಕೆಂದು ಮತ್ತೊಬ್ಬರು ಹೇಳುತ್ತಾರೆ. ಕರಗಿಸುವುದಾದರೆ ಅದು ಪೂರ್ತಿ ದ್ರವವಾಗುವುದೇ? ಲಾವಂಚದ ಎಣ್ಣೆಯನ್ನು ಯಾವ ಹಂತದಲ್ಲಿ ಸೇರಿಸಬೇಕು? ಮನೆಯಲ್ಲಿ ಉಳಿದಿರುವ ಅಂಗಡಿ ಸೋಪಿನ ತುಂಡುಗಳನ್ನೂ ಇದರೊಂದಿಗೆ ಹಾಕಬಹುದೇ? ದಯವಿಟ್ಟು ತಿಳಿದವರು ತಿಳಿಸಿ.

ಉತ್ತರ 1: ಎಣ್ಣೆಗಾಣ

ಎಸೆಯುವ ಅಗತ್ಯವಿಲ್ಲ. ಆದರೆ ಸಾಬೂನು ಏಕೆ ಹೀಗಾಯಿತು ಎಂಬುದನ್ನು ತಿಳಿಯದೆ ಕರಗಿಸಲು ತೊಡಗಿದರೆ, ಅದೇ ದೋಷವುಳ್ಳ ಸಾಬೂನು ಬೇರೆ ಆಕಾರದಲ್ಲಿ ಸಿಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ.

ನಿಮ್ಮ ಅಳತೆಯಲ್ಲಿಯೇ ಕಾರಣ ಕಾಣುತ್ತಿದೆ. ಎಣ್ಣೆ ನೀರಿಗಿಂತ ಹಗುರವಾದುದರಿಂದ ಒಂದು ಲೀಟರ್ ಎಣ್ಣೆ ಒಂದು ಕಿಲೋ ತೂಗುವುದಿಲ್ಲ. ಅಡುಗೆ ಎಣ್ಣೆಯ ಒಂದು ಲೀಟರ್ ಪ್ಯಾಕೆಟ್ಟಿನ ಮೇಲೆ 910 ಗ್ರಾಂ ಎಂದು ಮುದ್ರಿಸಿರುವುದನ್ನು ನೀವು ನೋಡಿರಬಹುದು. ಹರಳೆಣ್ಣೆ ಉಳಿದವುಗಳಿಗಿಂತ ತುಸು ಭಾರ. ಲೆಕ್ಕ ಹಾಕಿದರೆ ನಿಮ್ಮ ಪಾತ್ರೆಗೆ ಬಿದ್ದದ್ದು ಸುಮಾರು 552 ಗ್ರಾಂ ಕೊಬ್ಬರಿ ಎಣ್ಣೆ, 275 ಗ್ರಾಂ ತೌಡಿನ ಎಣ್ಣೆ, 96 ಗ್ರಾಂ ಹರಳೆಣ್ಣೆ, ಅಂದರೆ ಒಟ್ಟು 923 ಗ್ರಾಂ.

ಒಂದು ಗ್ರಾಂ ಕೊಬ್ಬರಿ ಎಣ್ಣೆ ಸಾಬೂನಾಗಲು ಸುಮಾರು 0.183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ತೌಡಿನ ಎಣ್ಣೆಗೂ ಹರಳೆಣ್ಣೆಗೂ ಸುಮಾರು 0.13 ಸಾಕು. ಈ ಪ್ರಕಾರ ನಿಮ್ಮ 923 ಗ್ರಾಂ ಎಣ್ಣೆ ಒಂದು ಹನಿಯೂ ಉಳಿಯದಂತೆ ಪೂರ್ತಿಯಾಗಿ ಸಾಬೂನಾದರೂ ಖರ್ಚಾಗುವುದು 149 ಗ್ರಾಂ ಸೋಡಾ ಮಾತ್ರ. ನೀವು ಹಾಕಿದ್ದು 153. ಒಂದು ಕಿಲೋ ಎಣ್ಣೆಯಿದ್ದಿದ್ದರೆ ಅದೇ 153 ಗ್ರಾಂ ಸೋಡಾ ಎಲ್ಲವೂ ಖರ್ಚಾಗಿ, ಶೇಕಡಾ 5ರಷ್ಟು ಎಣ್ಣೆ ಚರ್ಮಕ್ಕೆ ಹಿತವಾಗಿ ಉಳಿಯುತ್ತಿತ್ತು. ಆ ಉಳಿಕೆಯನ್ನೇ ಸೂಪರ್‌ಫ್ಯಾಟ್ ಎನ್ನುವುದು. ಈಗ ಅದು ಹೋದದ್ದಲ್ಲದೆ ಸುಮಾರು 4 ಗ್ರಾಂ ಸೋಡಾ ಹೆಚ್ಚುವರಿಯಾಗಿ ಉಳಿದಿದೆ. ಪರಿಹಾರವೂ ಇದರಲ್ಲಿಯೇ ಇದೆ: ಕೊರತೆಯಾದ 77 ಗ್ರಾಂ ಎಣ್ಣೆಯನ್ನು, ಅಂದರೆ 48 ಗ್ರಾಂ ಕೊಬ್ಬರಿ, 25 ಗ್ರಾಂ ತೌಡಿನ ಎಣ್ಣೆ ಮತ್ತು 4 ಗ್ರಾಂ ಹರಳೆಣ್ಣೆಯನ್ನು ಮತ್ತೆ ಕಾಯಿಸುವಾಗ ಸೇರಿಸಿದರೆ ನೀವು ಅಂದುಕೊಂಡಿದ್ದ ಸಾಬೂನೇ ಕೈಗೆ ಬರುತ್ತದೆ. ಪುಡಿಪುಡಿಯಾಗಿ ಉದುರಿದ್ದನ್ನೂ ಬಿಡದೆ ಸೇರಿಸಿಕೊಳ್ಳಿ, ಏಕೆಂದರೆ ಈ ಲೆಕ್ಕ ಇಡೀ ಬ್ಯಾಚಿಗೆ ಸಂಬಂಧಿಸಿದ್ದು.

ಅರಿಶಿನದ ಪರೀಕ್ಷೆಯನ್ನು ಮರೆತುಬಿಡಿ. ಚೆನ್ನಾಗಿ ಮಾಗಿದ ಸಾಬೂನಿನ ಪಿಎಚ್ ಕೂಡ 9ರಿಂದ 10ರ ನಡುವೆ ಇರುತ್ತದೆ, ಅರಿಶಿನವಾದರೋ 8.5ರ ಹೊತ್ತಿಗೇ ಕೆಂಪಗಾಗಿರುತ್ತದೆ. ಆದುದರಿಂದ ಅದು ಒಳ್ಳೆಯ ಸಾಬೂನನ್ನೂ ಕೆಟ್ಟ ಸಾಬೂನನ್ನೂ ಒಂದೇ ಬಣ್ಣದಲ್ಲಿ ತೋರಿಸುತ್ತದೆ. ಬೆರಳನ್ನು ಒದ್ದೆ ಮಾಡಿ, ಸಾಬೂನಿಗೆ ಉಜ್ಜಿ, ಆ ನೊರೆಯನ್ನು ನಾಲಿಗೆಯ ತುದಿಗೆ ಲಘುವಾಗಿ ತಾಗಿಸಿ ಕೂಡಲೇ ಬಾಯಿ ತೊಳೆದುಕೊಳ್ಳುವುದು ರೂಢಿಯಲ್ಲಿರುವ ಪರೀಕ್ಷೆ. ಸಾಬೂನಿನ ರುಚಿ ಮಾತ್ರ ಬಂದರೆ ಸರಿ. ಸಣ್ಣ ಕರೆಂಟ್ ಹೊಡೆದಂತೆ ಚುರುಕ್ಕೆಂದರೆ ಸೋಡಾ ಉಳಿದಿದೆ ಎಂದರ್ಥ. ಬಿಳಿಯ ಗೆರೆಯಿರುವ ಕಡೆ ಮತ್ತು ಇಲ್ಲದ ಕಡೆ ಎರಡೂ ಕಡೆ ನೋಡಬೇಕು. ಸಾಬೂನನ್ನು ನೇರವಾಗಿ ನೆಕ್ಕಬೇಡಿ.

ಉತ್ತರ 2: ಕರಾವಳಿಯವ

ಮೇಲಿನವರ ಲೆಕ್ಕ ಸರಿಯಾಗಿದೆ, ಆದರೆ ಅದು ಸೋಡಾ ಪರಿಶುದ್ಧವಾಗಿದ್ದರೆ ಮಾತ್ರ. ಅಂಗಡಿಯಲ್ಲಿ ಸಿಗುವ ಕಾಸ್ಟಿಕ್ ಸೋಡಾ ಚಕ್ಕೆ ಪೂರ್ತಿ ನೂರಕ್ಕೆ ನೂರರಷ್ಟು ಸೋಡಾ ಆಗಿರುವುದಿಲ್ಲ. ಮುಚ್ಚಳ ತೆರೆದಿಟ್ಟರಂತೂ ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿಕೊಂಡು ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ಈ ಬ್ಯಾಚಿನಲ್ಲಿ ಸೋಡಾ ನಿಜವಾಗಿ ಹೆಚ್ಚಾಗಿದೆಯೋ, ಅಥವಾ ಟ್ರೇಸ್ (ಎಣ್ಣೆಯೂ ಸೋಡಾ ನೀರೂ ಚೆನ್ನಾಗಿ ಬೆರೆತು ದಪ್ಪವಾಗುವ ಹದ) ಬರುವ ಮೊದಲೇ ಸುರಿದುದರಿಂದ ಅಲ್ಲಲ್ಲಿ ಮಾತ್ರ ಬೆರೆಯದೆ ಉಳಿದಿದೆಯೋ ಎಂಬುದನ್ನು ಕಾಗದದ ಮೇಲಿನ ಲೆಕ್ಕ ಒಂದೇ ತೀರ್ಮಾನಿಸಲಾರದು. ಬಿಳಿಯ ಗೆರೆಗಳನ್ನು ನೋಡಿದರೆ ಎರಡೂ ಇರಬಹುದೆಂದು ನನ್ನ ಊಹೆ. ಹೇಗಿದ್ದರೂ ತುರಿದು ಕಾಯಿಸುವುದರಿಂದ ಎರಡಕ್ಕೂ ಪರಿಹಾರ ಸಿಗುವುದರಿಂದ ನಿಮ್ಮ ವಿಷಯದಲ್ಲಿ ರಿಬ್ಯಾಚ್ ಮಾಡುವುದು ಸಮಂಜಸವೇ.

ವಿಧಾನ ಹೀಗಿದೆ. ಕೈಗವಸು ಮತ್ತು ಕನ್ನಡಕವಲ್ಲದೆ ಮೂಗಿಗೆ ಬಟ್ಟೆಯನ್ನೂ ಕಟ್ಟಿಕೊಳ್ಳಬೇಕು, ಏಕೆಂದರೆ ಸೋಡಾ ಹೆಚ್ಚಾದ ಒಣ ಸಾಬೂನನ್ನು ತುರಿಯುವಾಗ ಏಳುವ ಧೂಳು ಬಹಳ ಉರಿಯುತ್ತದೆ. ತುರಿಯುವ ಮಣೆ, ಪಾತ್ರೆ, ಸೌಟು ಎಲ್ಲವೂ ಸ್ಟೀಲಿನವಾಗಿರಲಿ. ಅಲ್ಯೂಮಿನಿಯಂ ಮತ್ತು ಹಿಂಡಾಲಿಯಂ ಪಾತ್ರೆಗಳನ್ನು ಮುಟ್ಟಲೇಬೇಡಿ. ಸೋಡಾ ಅವನ್ನು ತಿಂದು, ಬೆಂಕಿ ಹತ್ತಿಕೊಳ್ಳುವ ಹೈಡ್ರೋಜನ್ ಅನಿಲವನ್ನು ಬಿಡುಗಡೆ ಮಾಡುತ್ತದೆ. ತುರಿ ಸಣ್ಣದಾದಷ್ಟೂ ಸಾಬೂನು ಒಂದೇ ಸಮನಾಗಿ ಹದಕ್ಕೆ ಬರುತ್ತದೆ.

ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ತುರಿ ತುಂಬಿದ ಸ್ಟೀಲ್ ಪಾತ್ರೆಯನ್ನಿಟ್ಟು ಮುಚ್ಚಿ. ನೇರ ಉರಿ ಬೇಡ. ತಳ ಹಿಡಿಯುತ್ತದೆ, ಕೆಲವೊಮ್ಮೆ ಉಬ್ಬಿ ಹೊರಚೆಲ್ಲುತ್ತದೆ. ಕೊರತೆಯ ಎಣ್ಣೆಯನ್ನು ಆರಂಭದಲ್ಲಿಯೇ ಸೇರಿಸಿ ಕಲಸಿ. ನೀರಿನ ವಿಷಯದಲ್ಲಿ ಬಹುತೇಕ ಹೊಸಬರು ಕೈಜಾರಿ ಸುರಿಯುತ್ತಾರೆ. ವಾರದ ಹಿಂದಿನ ಸಾಬೂನಿನಲ್ಲಿ ಇನ್ನೂ ಸಾಕಷ್ಟು ನೀರಿರುತ್ತದೆ, ಆದ್ದರಿಂದ ನಿಮ್ಮ ಸುಮಾರು 1.3 ಕಿಲೋ ಸಾಬೂನಿಗೆ ಮೊದಲು 100 ಮಿ.ಲೀ. ಮಾತ್ರ ಹಾಕಿ, ಕಾಲು ಗಂಟೆಯ ನಂತರವೂ ಒಣಗಿದಂತೆ ಕಂಡರೆ ಚಮಚದ ಲೆಕ್ಕದಲ್ಲಿ ಹೆಚ್ಚಿಸುತ್ತಾ ಹೋಗಿ. ಹಾಕಿದ ಪ್ರತಿ ಹನಿ ನೀರೂ ಮುಂದೆ ಒಣಗಲೇಬೇಕು. ಒಣಗುವಾಗ ಸಾಬೂನು ಕುಗ್ಗಿ ಸೊಟ್ಟಗಾಗುತ್ತದೆ. ತಿಂಗಳುಗಟ್ಟಲೆ ಹಳೆಯದಾದ ಗಟ್ಟಿ ಸಾಬೂನಾದರೆ ಮಾತ್ರ ಹೆಚ್ಚು ನೀರು ಬೇಕಾಗುತ್ತದೆ, ಅದನ್ನು ಹಿಂದಿನ ರಾತ್ರಿಯೇ ಚಿಮುಕಿಸಿ ಮುಚ್ಚಿಡುವುದು ಒಳ್ಳೆಯದು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ: ಇಲ್ಲ, ಅದು ದ್ರವವಾಗುವುದಿಲ್ಲ. ಕರಗಿಸಿ ಸುರಿಯುವುದಕ್ಕೆಂದೇ ಮಾರುವ ಸೋಪ್ ಬೇಸಿನಲ್ಲಿ ಗ್ಲಿಸರಿನ್ ಮುಂತಾದ ದ್ರಾವಕಗಳು ಬೇರೆಯಾಗಿ ಸೇರಿರುವುದರಿಂದ ಅದು ನೀರಾಗುತ್ತದೆ. ನಮ್ಮ ಸಾಬೂನು ಒಂದರಿಂದ ಎರಡು ಗಂಟೆ ಕಾಯ್ದ ಮೇಲೆ ಮುದ್ದೆಯ ಹದಕ್ಕೆ ಬರುತ್ತದೆ, ಅಂಚುಗಳು ಅರೆಪಾರದರ್ಶಕವಾಗುತ್ತವೆ, ತುರಿಯ ಎಳೆಗಳು ಮಾಯವಾಗುತ್ತವೆ. ಅಷ್ಟಾದರೆ ಆಯಿತು. ಹಾಕುವ ನೀರಿನಲ್ಲಿ ಒಂದು ಚಮಚ ಸಕ್ಕರೆ ಕರಗಿಸಿಕೊಂಡರೆ ಮುದ್ದೆ ಸ್ವಲ್ಪ ಸಡಿಲವಾಗುತ್ತದೆ. ಹಾಲು ಹಾಕುವವರೂ ಇದ್ದಾರೆ. ಅದು ಬಿಸಿಗೆ ಕಂದುಬಣ್ಣಕ್ಕೆ ತಿರುಗುತ್ತದೆ, ಆದ್ದರಿಂದ ಮೊದಲ ಸಲ ನೀರೇ ಸಾಕು.

ಈ ಹಂತದಲ್ಲಿ ಚಮಚದಷ್ಟು ತೆಗೆದು, ಆರಿಸಿ, ನಾಲಿಗೆಯ ಪರೀಕ್ಷೆ ಮಾಡಿ. ಚುರುಕು ಉಳಿದಿದ್ದರೆ ಇನ್ನೂ ಅರ್ಧ ಗಂಟೆ ಕಾಯಿಸಿ. ಆಗಲೂ ಹೋಗದಿದ್ದರೆ 10 ಗ್ರಾಂ ಕೊಬ್ಬರಿ ಎಣ್ಣೆ ಸೇರಿಸಿ ಮತ್ತೆ ಕಾಯಿಸಿ ನೋಡಿ. ಸರಿಯಾದ ಮೇಲೆ ಒಲೆಯಿಂದ ಇಳಿಸಿ, ಬಿಸಿ 70 ಡಿಗ್ರಿಯ ಆಸುಪಾಸಿಗೆ ಇಳಿದಾಗ ಲಾವಂಚದ ಎಣ್ಣೆಯನ್ನು ಬೆರೆಸಿ. ಆ ಹೊತ್ತಿಗೆ ಸೋಡಾದ ಕೆಲಸ ಮುಗಿದಿರುವುದರಿಂದ ಪರಿಮಳ ಕೆಡುವ ಸಂಭವ ಕಡಿಮೆ. ರಿಬ್ಯಾಚ್ ವಿಧಾನದಲ್ಲಿ ನಾನು ನಿಜವಾಗಿ ಮೆಚ್ಚುವ ಅಂಶ ಇದೊಂದೇ. ಬಳಿಕ ಬೆಣ್ಣೆ ಕಾಗದ ಹಾಸಿದ ಅಚ್ಚಿಗೆ ಒತ್ತಿ ತುಂಬಿ, ನೆಲದ ಮೇಲೆ ನಾಲ್ಕಾರು ಸಲ ಬಲವಾಗಿ ಕುಟ್ಟಿ. ಇಲ್ಲದಿದ್ದರೆ ಒಳಗೆ ಗಾಳಿಯ ಗೂಡುಗಳು ಉಳಿಯುತ್ತವೆ.

ಉತ್ತರ 3: ಗಂಧದಕೊರಡು, ಮೈಸೂರು

ಎರಡು ಮಾತು ಸೇರಿಸುತ್ತೇನೆ. ಅಂಗಡಿ ಸೋಪಿನ ತುಂಡುಗಳನ್ನು ಇದಕ್ಕೆ ಹಾಕಬೇಡಿ. ಕಾರ್ಖಾನೆಯ ಸೋಪನ್ನು ಬಹುಮಟ್ಟಿಗೆ ಒಣಗಿಸಿ, ಉರುಳೆಗಳ ನಡುವೆ ಅರೆದು, ಒತ್ತಡದಲ್ಲಿ ಅಚ್ಚೊತ್ತಿರುತ್ತಾರೆ. ಅದು ಮನೆಯ ಒಲೆಯಲ್ಲಿ ಸುಲಭವಾಗಿ ಹದಕ್ಕೆ ಬರುವುದಿಲ್ಲ, ಅದರಲ್ಲಿ ಏನೇನು ಸೇರಿದೆ ಎಂಬುದು ನಿಮಗೆ ತಿಳಿಯದ ಕಾರಣ ಸೋಡಾದ ಲೆಕ್ಕವೂ ತಪ್ಪುತ್ತದೆ. ಮನೆಯಲ್ಲಿ ತುರಿದು ಮಾಡಿದ್ದನ್ನೂ "ಹ್ಯಾಂಡ್ ಮಿಲ್ಡ್" ಎಂದು ಮಾರುವವರಿದ್ದಾರೆ. ಉರುಳೆಯಲ್ಲಿ ಅರೆಯುವ ಆ ಕ್ರಿಯೆಗೂ ನಾವು ಕಾಯಿಸುವುದಕ್ಕೂ ಸಂಬಂಧವಿಲ್ಲ, ಆ ನಯವನ್ನು ನಿರೀಕ್ಷಿಸಬೇಡಿ.

ಇನ್ನೊಂದು, 77 ಗ್ರಾಂ ಎಣ್ಣೆಯನ್ನು ಪೂರ್ತಿ ಸೇರಿಸುವ ಬಗ್ಗೆ ನನಗೆ ಅನುಮಾನವಿದೆ. ಸೋಡಾ ದುರ್ಬಲವಾಗಿದ್ದರೆ ಎಣ್ಣೆ ಹೆಚ್ಚಾಗಿ ಸಾಬೂನು ಮೆತ್ತಗಾಗದೇ?

ಉತ್ತರ 4: ಎಣ್ಣೆಗಾಣ

ಅನುಮಾನ ಸಹಜವೇ. ಆದರೆ ಅವರ ಸೋಡಾ ಶೇಕಡಾ 98ರಷ್ಟು ಪರಿಶುದ್ಧವಾಗಿದೆ ಎಂದಿಟ್ಟುಕೊಂಡರೂ ಪೂರ್ತಿ ಎಣ್ಣೆ ಸೇರಿಸಿದ ಮೇಲೆ ಸೂಪರ್‌ಫ್ಯಾಟ್ ಶೇಕಡಾ 7ರ ಆಸುಪಾಸಿಗೆ ಬರುತ್ತದೆ, ಅಷ್ಟೆ. ಅರವತ್ತು ಪಾಲು ಕೊಬ್ಬರಿ ಎಣ್ಣೆಯಿರುವ ಸಾಬೂನು ಚರ್ಮವನ್ನು ಒಣಗಿಸುವ ಸ್ವಭಾವದ್ದು, ಅದಕ್ಕೆ ಈ ಹೆಚ್ಚಳ ಉಪಕಾರವೇ. ಎಣ್ಣೆ ತುಸು ಹೆಚ್ಚಾದರೆ ನೊರೆ ಕಡಿಮೆಯಾಗಬಹುದು, ಸೋಡಾ ಹೆಚ್ಚಾದರೆ ಚರ್ಮ ಸುಡುತ್ತದೆ. ಇವೆರಡರಲ್ಲಿ ಯಾವ ಕಡೆಗೆ ವಾಲಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಮರುಪ್ರಶ್ನೆ: ಹೊಸಕಲಿಕೆ

ಎಲ್ಲರಿಗೂ ಧನ್ಯವಾದಗಳು. ತೂಕದ ಯಂತ್ರ ತಂದಿದ್ದೇನೆ, ಈ ಭಾನುವಾರ ಕಾಯಿಸುತ್ತೇನೆ. ಸಾಬೂನಿನ ಮೇಲ್ಭಾಗದಲ್ಲಿ ಬೂದಿಯಂತಹ ಬಿಳಿಯ ಪುಡಿಯೂ ಇದೆ. ಅದೂ ಉಳಿದ ಸೋಡಾವೇ? ಮತ್ತೆ, ನಮ್ಮಲ್ಲಿ ಮಳೆ ಹಿಡಿದಿದೆ. ಕಾಯಿಸಿದ ಸಾಬೂನು ಒಣಗಲು ಎಷ್ಟು ಕಾಲ ಬೇಕು?

ಉತ್ತರ 5: ಕರಾವಳಿಯವ

ಮೇಲ್ಭಾಗದ ಪುಡಿ ಬಹುಶಃ ಸೋಡಾ ಆ್ಯಶ್, ಅಂದರೆ ಸೋಡಾ ಗಾಳಿಯೊಡನೆ ಸೇರಿ ಉಂಟಾದ ಸೋಡಿಯಂ ಕಾರ್ಬೊನೇಟ್. ಅದು ನೋಟಕ್ಕೆ ಮಾತ್ರ ಕೆಡುಕು. ಕೇವಲ ಅದಕ್ಕಾಗಿ ಯಾರೂ ಸಾಬೂನನ್ನು ಮತ್ತೆ ಕಾಯಿಸಬೇಕಿಲ್ಲ, ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಕಿತ್ತಳೆ ಬಣ್ಣದ ಚುಕ್ಕೆಗಳೂ ಕಮಟು ವಾಸನೆಯೂ ಕಂಡರೆ ಮಾತ್ರ ಎಣ್ಣೆಯೇ ಕೆಟ್ಟಿದೆ ಎಂದು ತಿಳಿಯಬೇಕು. ಅಂತಹುದನ್ನು ಎಷ್ಟು ಕಾಯಿಸಿದರೂ ಸರಿಯಾಗುವುದಿಲ್ಲ.

ಒಣಗುವುದಕ್ಕೆ ಬೇಸಿಗೆಯಲ್ಲಾದರೆ ಎರಡರಿಂದ ನಾಲ್ಕು ವಾರ ಸಾಕು. ಮಳೆಗಾಲದಲ್ಲಿ ಮಲೆನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ ಈ ಲೆಕ್ಕ ನಡೆಯದು, ಏಕೆಂದರೆ ಸಾಬೂನಿನೊಳಗೆ ಸಹಜವಾಗಿ ಉಂಟಾದ ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಂಡು ಮೈಮೇಲೆ ಹನಿಗಳನ್ನು ಮೂಡಿಸುತ್ತದೆ. ಒಂದೆರಡು ದಿನ ಬಿಟ್ಟು ಕತ್ತರಿಸಿ, ತುಂಡುಗಳ ನಡುವೆ ಜಾಗ ಬಿಟ್ಟು, ಫ್ಯಾನಿನ ಗಾಳಿ ತಾಗುವ ಕಡೆ ಇಡಿ. ಒಂದು ತುಂಡಿನ ಮೇಲೆ ಗುರುತು ಮಾಡಿ ವಾರಕ್ಕೊಮ್ಮೆ ತೂಗುತ್ತಾ ಬನ್ನಿ. ಎರಡು ವಾರ ತೂಕ ಇಳಿಯದೆ ನಿಂತಿತೆಂದರೆ ಅದನ್ನು ಬಚ್ಚಲಿಗೆ ಒಯ್ಯಬಹುದು.