ಕೇಬಲ್ ಬ್ಲೋಯಿಂಗ್ ಮಷಿನ್: 600 ಮೀಟರ್ ದಾಟಿದರೆ ಕೇಬಲ್ ನಿಂತುಬಿಡುತ್ತಿದೆ, ಬೆಲ್ಟ್ ಬದಲಿಸಬೇಕಾ?

ಮಸ್ಕಿ_ಫೈಬರ್

ಎಲ್ಲರಿಗೂ ನಮಸ್ಕಾರ. ಸಿಂಧನೂರು, ಮಸ್ಕಿ ಕಡೆ ಪಂಚಾಯಿತಿಗಳಿಗೆ ಹೋಗುವ ಫೈಬರ್ ಲೈನ್ ಹಾಕುತ್ತಿದ್ದೇವೆ. 40/33 ಡಕ್ಟ್ (ಹೊರಗೆ 40, ಒಳಗೆ 33 ಮಿಲಿಮೀಟರ್ ಇರುವ, ನೆಲದಡಿಯ ಪ್ಲಾಸ್ಟಿಕ್ ಪೈಪು), 24 ಫೈಬರ್ ಕೇಬಲ್, ಒಂದು ಚೇಂಬರ್‌ನಿಂದ ಇನ್ನೊಂದಕ್ಕೆ ಹತ್ತಿರ ಹತ್ತಿರ 1 ಕಿಲೋಮೀಟರ್. ಬೆಲ್ಟಿನಿಂದ ತಳ್ಳಿ, ಗಾಳಿ ಊದಿ ಕೇಬಲ್ಲನ್ನು ಡಕ್ಟಿಗೆ ಹಾಕುವ ಈ ಮಷಿನ್ ಸೆಕೆಂಡ್ ಹ್ಯಾಂಡ್, ಹೈಡ್ರಾಲಿಕ್ ಪವರ್ ಪ್ಯಾಕ್ ಮೇಲೆ ಓಡುತ್ತದೆ. ಕಂಪ್ರೆಸರ್ ಬಾಡಿಗೆಗೆ ತಂದಿದ್ದು. ಮೊದಲು ಕುಷ್ಟಗಿ ಕಡೆ ಗ್ರಾನೈಟ್ ಕ್ವಾರಿಯಲ್ಲಿ ಇತ್ತಂತೆ. ಗೇಜ್ 7 ಬಾರ್ ತೋರಿಸುತ್ತದೆ.

ಶುರುವಿನಲ್ಲಿ ಕೇಬಲ್ ಸಲೀಸಾಗಿ ಹೋಗುತ್ತದೆ. ಮೀಟರ್ ಎಣಿಸುವ ಕೌಂಟರ್ 400 ದಾಟಿದ ಮೇಲೆ ನಿಧಾನ, 600–650ಕ್ಕೆ ಬಂದರೆ ನಿಂತೇ ಹೋಯಿತು. ಬೆಲ್ಟ್ ಮಾತ್ರ ತಿರುಗುತ್ತಲೇ ಇರುತ್ತದೆ. ಇನ್ನೂ ಬಿಗಿ ಮಾಡಿದರೆ ಕೇಬಲ್ ಹೊದಿಕೆಯ ಮೇಲೆ ಗೀರು ಬೀಳುತ್ತಿದೆ. ಬೆಳಿಗ್ಗೆ ಬೇಗ ಶುರು ಮಾಡಿದರೆ ಸ್ವಲ್ಪ ಜಾಸ್ತಿ ದೂರ ಹೋಗುತ್ತದೆ, ಹನ್ನೊಂದು ಗಂಟೆ ಆದಮೇಲೆ ಬಹಳ ಕಷ್ಟ. ಒಂದೇ ಜಾಗದಲ್ಲಿ ಅಲ್ಲ, ಬೇರೆ ಬೇರೆ ಸ್ಪ್ಯಾನ್‌ನಲ್ಲೂ (ಚೇಂಬರ್‌ನಿಂದ ಚೇಂಬರ್‌ವರೆಗಿನ ಭಾಗ) ಹೀಗೇ.

ಮಷಿನ್ ಮಾರಿದವರು ಹೊಸ ಬೆಲ್ಟ್ ಸೆಟ್ ಹಾಕಿಸಿ ಅಂತಿದ್ದಾರೆ. ಅದು ಸಣ್ಣ ಖರ್ಚಲ್ಲ. ಹಾಕಿದರೆ ಸರಿ ಹೋಗುತ್ತಾ? ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ. ಈ ಬಿಸಿಲಲ್ಲಿ ಹುಡುಗರು ಕೇಬಲ್ ವಾಪಸ್ ಎಳೆದು ಎಂಟರ ಆಕಾರಕ್ಕೆ ಸುತ್ತಿ ಸುತ್ತಿ ಸೋತುಹೋಗಿದ್ದಾರೆ.

ಕೊಪ್ಪಳ_ಡಕ್ಟ್

ಅಣ್ಣ, ಬೆಲ್ಟಿಗೆ ಈಗಲೇ ದುಡ್ಡು ಹಾಕಬೇಡಿ. ಮೊದಲು ಗಾಳಿ ನೋಡಿ.

ಕೇಬಲ್ಲನ್ನು ಒಳಗೆ ಒಯ್ಯುವುದು ಎರಡು ಬಲ. ಬೆಲ್ಟ್ ಹಿಂದಿನಿಂದ ತಳ್ಳುತ್ತದೆ, ಗಾಳಿ ಕೇಬಲ್ಲಿನ ಉದ್ದಕ್ಕೂ ಮೈ ಸವರಿಕೊಂಡು ಎಳೆಯುತ್ತದೆ. ಡಕ್ಟಿನ ಆ ಕಡೆಯ ತುದಿ ತೆರೆದಿರುತ್ತದೆ ಅಲ್ವಾ, ಹಾಗಾಗಿ ಗಾಳಿ ಮುಂದೆ ಹೋದ ಹಾಗೆ ಹಿಗ್ಗುತ್ತದೆ, ಹಿಗ್ಗಿದಷ್ಟೂ ವೇಗ ಜಾಸ್ತಿ ಆಗುತ್ತದೆ. ಅಂದರೆ ಮಷಿನ್ ಹತ್ತಿರ ಗಾಳಿಯ ಎಳೆತ ಕಡಿಮೆ, ದೂರ ಹೋದಷ್ಟೂ ಜಾಸ್ತಿ. ಶುರುವಿನ ಆ ಕೊರತೆ ತುಂಬುವುದಕ್ಕೇ ಬೆಲ್ಟ್ ಇರುವುದು. ನಿಮ್ಮ ಕೇಬಲ್ ಶುರುವಿನಲ್ಲಿ ಸಲೀಸಾಗಿ ಹೋಗುತ್ತಿದೆ ಅಂದರೆ ಬೆಲ್ಟ್ ತನ್ನ ಪಾಲಿನ ಕೆಲಸ ಮಾಡುತ್ತಿದೆ. ಆಮೇಲೆ ನಿಲ್ಲುತ್ತಿದೆ ಅಂದರೆ ಗಾಳಿ ತನ್ನ ಪಾಲಿನದು ಮಾಡುತ್ತಿಲ್ಲ. ಆಗ ಬೆಲ್ಟ್ ಬಿಗಿ ಮಾಡಿ ತಳ್ಳಿದರೆ ಕೇಬಲ್ ಡಕ್ಟಿನೊಳಗೆ ಅಂಕುಡೊಂಕಾಗಿ ಗೋಡೆಗೆ ಒತ್ತಿಕೊಳ್ಳುತ್ತದೆ, ಉಜ್ಜಾಟ ಇನ್ನೂ ಏರುತ್ತದೆ.

ಕ್ವಾರಿ ಕಂಪ್ರೆಸರ್ ಜಾಕ್‌ಹ್ಯಾಮರ್ ಓಡಿಸುವುದಕ್ಕೆ ಮಾಡಿದ್ದು. ಅದಕ್ಕೆ 7 ಬಾರ್ ಸಾಕು. 40/33 ಡಕ್ಟಿನಲ್ಲಿ 1 ಕಿಲೋಮೀಟರ್ ಹೊಡೆಯಬೇಕು ಅಂದರೆ 10 ಬಾರ್ ಮೇಲೆ ಕೊಡುವ, 300 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ) ಮೇಲಿನ ಕಂಪ್ರೆಸರ್ ಹುಡುಕಿ. ಅದರ ಜೊತೆ ಗಾಳಿ ತಣ್ಣಗಾಗಿಸುವ ಆಫ್ಟರ್‌ಕೂಲರ್ ಇರಲೇಬೇಕು. ನಮ್ಮ ಕಡೆ ಬಾಡಿಗೆಗೆ ಕೊಡುವವರು ಇದನ್ನು ಕೇಳದಿದ್ದರೆ ಹೇಳುವುದೇ ಇಲ್ಲ.

ಬೆಳಿಗ್ಗೆ ಜಾಸ್ತಿ ಹೋಗುತ್ತದೆ ಅಂದಿರಲ್ಲ, ಅದರ ಕಾರಣವೂ ಇದೇ. ಕಂಪ್ರೆಸರ್‌ನಿಂದ ಬರುವ ಗಾಳಿ ಹೊರಗಿನದಕ್ಕಿಂತ ಎಷ್ಟೋ ಬಿಸಿ. ಏಪ್ರಿಲ್, ಮೇ ತಿಂಗಳ ರಾಯಚೂರಿನಲ್ಲಿ ಹೊರಗೇ 40 ದಾಟಿರುತ್ತದೆ, ಅದರ ಮೇಲೆ ಇದು. ಬಿಸಿಗೆ ಡಕ್ಟ್ ಮೆತ್ತಗಾಗುತ್ತದೆ, ಕೇಬಲ್ ಹೊದಿಕೆಯೂ ಮೆತ್ತಗಾಗುತ್ತದೆ, ಎರಡೂ ಅಂಟಿಕೊಂಡ ಹಾಗೆ ಆಗುತ್ತದೆ. ಡಕ್ಟ್ ಮಾಡುವ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪಿಗೆ 20 ಡಿಗ್ರಿಯಲ್ಲಿ ಇರುವ ಒತ್ತಡ ತಾಳುವ ಶಕ್ತಿ 40 ಡಿಗ್ರಿಗೆ ಮುಕ್ಕಾಲು ಪಾಲಿಗೆ ಇಳಿಯುತ್ತದೆ. ಹಾಗಾಗಿ ಬಿಸಿಗಾಳಿಯಲ್ಲಿ ಸುಮ್ನೆ ಒತ್ತಡ ಏರಿಸುತ್ತಾ ಹೋಗುವುದು ಅಪಾಯ, ಡಕ್ಟ್ ತುಂಡುಗಳನ್ನು ಜೋಡಿಸುವ ಕಪ್ಲರ್ ಕಳಚಿಕೊಳ್ಳುತ್ತದೆ. ಇನ್ನೊಂದು, ಬಿಸಿಗಾಳಿ ನೆಲದೊಳಗೆ ಹೋಗಿ ತಣ್ಣಗಾದಾಗ ಅದರಲ್ಲಿರುವ ನೀರು ಡಕ್ಟಿನ ಗೋಡೆಗೆ ಹನಿಯಾಗಿ ಕೂರುತ್ತದೆ. ಕೂಲರ್, ನೀರು ಬೇರ್ಪಡಿಸುವ ಡಬ್ಬಿ ಎರಡೂ ಇದ್ದರೆ ಇದು ತಪ್ಪುತ್ತದೆ. ಆ ಡಬ್ಬಿಯ ನೀರು ಆಗಾಗ ಬಿಡುತ್ತಿರಿ.

ಗೇಜ್ ಮೇಲಿನ ಅಂಕಿ ನಂಬಿಕೊಂಡು ಕೂರಬೇಡಿ. ಡಕ್ಟ್ ಎಲ್ಲೋ ಕಟ್ಟಿಕೊಂಡಿದ್ದರೂ ಗೇಜ್ ಮೇಲೇ ಇರುತ್ತದೆ. ಕೇಬಲ್ ಹಾಕುವ ಮೊದಲು ಖಾಲಿ ಡಕ್ಟಿಗೆ ಗಾಳಿ ಬಿಟ್ಟು, ಆ ತುದಿಯಲ್ಲಿ ಎಷ್ಟು ಜೋರಾಗಿ ಬರುತ್ತಿದೆ ಅಂತ ಅಲ್ಲಿ ನಿಂತವರನ್ನು ಫೋನಿನಲ್ಲಿ ಕೇಳಿ. ತೀರಾ ಮೆಲ್ಲಗೆ ಬರುತ್ತಿದ್ದರೆ ಕೇಬಲ್ ಮುಟ್ಟಲೇಬೇಡಿ.

ತೋರಣಗಲ್ಲು_ಮೆಕ್ಯಾನಿಕ್

ಮೇಲಿನವರು ಹೇಳಿದ್ದು ಸರಿ. ಆದರೆ ಬೆಲ್ಟ್ ಜಾರುತ್ತಿರುವುದನ್ನು ಹಾಗೇ ಬಿಡುವುದಕ್ಕೂ ಆಗಲ್ಲ.

ಕ್ವಾರಿ ಕಂಪ್ರೆಸರ್ ಅಂದಿರಿ. ಹೋಸಿನ ಮಧ್ಯೆ ಲೈನ್ ಆಯಿಲರ್ ಇದೆಯಾ ನೋಡಿ. ಜಾಕ್‌ಹ್ಯಾಮರ್ ಒಳಗೆ ಸವೆಯದಿರಲಿ ಅಂತ ಗಾಳಿಯ ಜೊತೆ ಎಣ್ಣೆ ಬಿಡುವ ಒಂದು ಡಬ್ಬಿ ಅದು. ಅದು ಇದ್ದರೆ ಅಷ್ಟೂ ಎಣ್ಣೆ ನಿಮ್ಮ ಡಕ್ಟಿಗೆ ಹೋಗುತ್ತಿದೆ, ಕೇಬಲ್ ಸುತ್ತ ಗಾಳಿ ಸೋರದಂತೆ ತಡೆಯುವ ಸೀಲ್ ಸವೆದಿದ್ದರೆ ಅಲ್ಲಿಂದ ಹಿಂದಕ್ಕೆ ಸೋರಿ ಬೆಲ್ಟಿಗೂ ಬರುತ್ತದೆ. ಬೆಲ್ಟಿನ ಮೇಲೆ ಬೆರಳು ಎಳೆದು ನೋಡಿ, ಜಿಡ್ಡು ಅಂಟಿದರೆ ಜಾರುವುದಕ್ಕೆ ಅದೇ ಕಾರಣ. ಆಯಿಲರ್ ಬಿಚ್ಚಿ ಪಕ್ಕಕ್ಕಿಡಿ. ಬೆಲ್ಟನ್ನು ಸೋಪು ನೀರಿನಲ್ಲಿ ತಿಕ್ಕಿ, ಒಣ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ. ಡೀಸೆಲ್, ಪೆಟ್ರೋಲ್ ಹಚ್ಚಿ ತೊಳೆಯಬೇಡಿ, ರಬ್ಬರ್ ಹಾಳಾಗುತ್ತದೆ. ಕೇಬಲ್ಲಿಗೆ ಅಂತಲೇ ಸಿಗುವ ಲೂಬ್ರಿಕೆಂಟ್ ಸ್ವಲ್ಪ ಡಕ್ಟಿನೊಳಗೆ ಹಾಕಿ, ಹಿಂದೆ ಸ್ಪಂಜು ಬಿಟ್ಟು ಹರಡಿ. ಅದು ಬೆಲ್ಟಿಗೆ ತಾಗಬಾರದು, ಅಷ್ಟೇ.

ಸೀಲ್ ಅನ್ನುವುದು ಕೇಬಲ್ಲಿನ ದಪ್ಪಕ್ಕೆ ತಕ್ಕದ್ದೇ ಇರಬೇಕು. ಸೆಕೆಂಡ್ ಹ್ಯಾಂಡ್ ಮಷಿನ್ ಜೊತೆ ಬಂದ ಸೀಲ್ ಹಳೆಯ ಮಾಲೀಕರ ಕೇಬಲ್ ಅಳತೆಯದು ಇರಬಹುದು. ಕ್ಯಾಲಿಪರ್ ಹಿಡಿದು ನಿಮ್ಮ ಕೇಬಲ್ ಅಳೆದುಕೊಳ್ಳಿ. ಗಾಳಿ ಬಿಟ್ಟಾಗ ಕೇಬಲ್ ಒಳಗೆ ಹೋಗುವ ಬಾಯಿಯ ಹತ್ತಿರ ಕೈ ಇಟ್ಟರೆ ಸ್ವಲ್ಪ ಗಾಳಿ ತಾಗುವುದು ಸಹಜ, ಮಣ್ಣು ಹಾರುವಷ್ಟು ಬಂದರೆ ಸೀಲ್ ಬದಲಿಸಿ.

ಗೀರಿನ ವಿಷಯಕ್ಕೆ ಬರುತ್ತೇನೆ. ಬೆಲ್ಟ್ ಎಷ್ಟು ಬಿಗಿ ಇರಬೇಕು, ಎಷ್ಟು ಬಲದಲ್ಲಿ ತಳ್ಳಬೇಕು ಅನ್ನುವುದನ್ನು ಅಂದಾಜಿನ ಮೇಲೆ ಮಾಡಬೇಡಿ. ಕ್ರ್ಯಾಶ್ ಟೆಸ್ಟ್ ಮಾಡಿ. ಒಂದು ತುಂಡು ಡಕ್ಟ್ ಮಷಿನ್‌ಗೆ ಜೋಡಿಸಿ, ಅದರ ಆ ತುದಿ ಮುಚ್ಚಿ, ಗಾಳಿ ಇಲ್ಲದೆ ಬರೀ ಬೆಲ್ಟಿನಿಂದ ಅದೇ ಕೇಬಲ್ಲಿನ ತುಂಡನ್ನು ತಳ್ಳಿ. ಕೇಬಲ್ ಮೂತಿ ಹೋಗಿ ತಾಗಿದಾಗ ಮಡಚಿಕೊಳ್ಳದೆ, ಗೀರು ಬೀಳದೆ ಬೆಲ್ಟ್ ನಿಲ್ಲಬೇಕು. ಹೈಡ್ರಾಲಿಕ್ ಒತ್ತಡವನ್ನು ಸಣ್ಣದರಿಂದ ಶುರು ಮಾಡಿ ಏರಿಸುತ್ತಾ ಹೋಗಿ, ಕೇಬಲ್ ಮಡಚುವ ಲಕ್ಷಣ ಕಂಡ ಕೂಡಲೇ ಅದಕ್ಕಿಂತ ಸಾಕಷ್ಟು ಕೆಳಗೆ ಇಳಿಸಿ, ಅಲ್ಲೇ ಬಿಡಿ. ಕೇಬಲ್ ಬದಲಾದರೆ ಮತ್ತೆ ಮಾಡಬೇಕು. ಇದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಆದರೆ ಒಂದು ಡ್ರಮ್ ಕೇಬಲ್ ಉಳಿಯುತ್ತದೆ.

ಕೌಂಟರ್ ಚಕ್ರವನ್ನೂ ಒರೆಸಿ. ನಮ್ಮ ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಪು ಧೂಳು ಆ ಚಕ್ರದ ಬೇರಿಂಗ್‌ಗೆ ಹೊಕ್ಕು ಬಿಗಿಯಾಗುತ್ತದೆ, ಆಗ ಕೌಂಟರ್ ಕಡಿಮೆ ತೋರಿಸುತ್ತದೆ. ಕೇಬಲ್ ಮೇಲೆ ಮೀಟರ್ ಗುರುತು ಅಚ್ಚಾಗಿರುತ್ತದಲ್ಲ, ಅದರ ಜೊತೆ ತಾಳೆ ನೋಡುತ್ತಿರಿ. ಕಂಪ್ರೆಸರ್ ಏರ್ ಫಿಲ್ಟರ್ ಧೂಳಿನ ಜಾಗದಲ್ಲಿ ದಿನಾ ತೆಗೆದು ನೋಡಲೇಬೇಕು.

ಮಸ್ಕಿ_ಫೈಬರ್

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಆಯಿಲರ್ ಇತ್ತು, ಬಿಚ್ಚಿಸಿದೆ. ಬೆಲ್ಟ್ ತೊಳೆದ ಮೇಲೆ ಕೈಗೇ ವ್ಯತ್ಯಾಸ ಗೊತ್ತಾಗುತ್ತಿದೆ. ಕೂಲರ್ ಇರುವ 10 ಬಾರ್ ಕಂಪ್ರೆಸರ್ ಬಳ್ಳಾರಿಯಿಂದ ಸಿಕ್ಕಿತು, ನಸುಕಿನಲ್ಲೇ ಶುರು ಮಾಡುತ್ತಿದ್ದೇವೆ. ಎರಡು ಸ್ಪ್ಯಾನ್ ಪೂರ್ತಿ ಹೋಯಿತು. ಆದರೆ ಕಾಲುವೆ ಪಕ್ಕದ ಒಂದು ಸ್ಪ್ಯಾನ್‌ನಲ್ಲಿ ಮಾತ್ರ ಪ್ರತಿ ಸಲ ಅದೇ 410 ಮೀಟರ್ ಆಸುಪಾಸು ಗಕ್ಕನೆ ನಿಲ್ಲುತ್ತಿದೆ. ನಿಧಾನ ಆಗುವುದೇ ಇಲ್ಲ. ಇದಕ್ಕೇನು ಮಾಡುವುದು?

ಕಾರಟಗಿ_ಲೈನ್

ಸರ್, ಅಲ್ಲಿ ಮಷಿನ್ ದೋಷ ಏನೂ ಇಲ್ಲ. ನಿಧಾನವಾಗಿ ಸೋತು ನಿಂತರೆ ಗಾಳಿ ಅಥವಾ ಉಜ್ಜಾಟ. ಒಂದೇ ಅಂಕಿಗೆ ಗಕ್ಕನೆ ನಿಂತರೆ ಅಲ್ಲಿ ಡಕ್ಟ್ ಹಾಳಾಗಿದೆ. ಇನ್ನೊಂದು ಸಲ ತಳ್ಳಬೇಡಿ.

ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ಎರೆ ಭೂಮಿ ನಮಗೆಲ್ಲ ಗೊತ್ತೇ ಇದೆ. ಬೇಸಿಗೆಗೆ ಕಾಲು ಹೋಗುವಷ್ಟು ಬಿರುಕು, ನೀರು ಬಿಟ್ಟರೆ ಉಬ್ಬು. ಆ ಎಳೆದಾಟಕ್ಕೆ ಕಪ್ಲರ್ ಸಡಿಲವಾಗಿ ಡಕ್ಟಿನ ಎರಡು ತುದಿ ದೂರ ಸರಿಯುತ್ತವೆ, ಕೇಬಲ್ ಮೂತಿ ಹೋಗಿ ಆ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಗದ್ದೆ ನೀರು, ಕೆಸರು ಒಳಗೆ ಬರುವುದೂ ಅಲ್ಲಿಂದಲೇ. ಕುಷ್ಟಗಿ, ಯಲಬುರ್ಗಾ ಕಡೆ ಕಲ್ಲಿನ ನೆಲದಲ್ಲಾದರೆ ಬೇರೆ ಕಾಟ, ಟ್ರೆಂಚ್ ಮುಚ್ಚುವಾಗ ಬಿದ್ದ ಚೂಪು ಕಲ್ಲು ಡಕ್ಟನ್ನು ಅಮುಕಿರುತ್ತದೆ.

ಮೊದಲು ಸ್ಪಂಜು ಬಿಡಿ. ಆ ತುದಿಯಲ್ಲಿ ಒಣಗಿದ್ದು ಬರುವ ತನಕ ಬಿಡುತ್ತಲೇ ಇರಿ. ಆಮೇಲೆ ಮ್ಯಾಂಡ್ರಲ್ (ಡಕ್ಟ್ ಒಳಗೆ ದಾರಿ ಇದೆಯಾ ನೋಡುವ ಗಟ್ಟಿ ಗುಂಡು) ಗಾಳಿಯಿಂದ ಹೊಡೆಯಿರಿ. ಒಳಗಿನ ಅಳತೆಯ ನೂರಕ್ಕೆ ಎಂಬತ್ತರಷ್ಟು ದಪ್ಪದ್ದು, ಅಂದರೆ 33ಕ್ಕೆ 26 ಮಿಲಿಮೀಟರ್. ಅದು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಅಗೆಯಬೇಕು. ಜಾಗ ಹುಡುಕುವಾಗ ಒಂದು ನೆನಪಿಡಿ: ನೆಲದ ಮೇಲೆ ಟೇಪ್ ಹಿಡಿದ 410 ಮೀಟರ್, ಡಕ್ಟಿನೊಳಗಿನ 410 ಮೀಟರ್ ಎರಡೂ ಒಂದೇ ಅಲ್ಲ. ಡಕ್ಟ್ ಮೇಲೆ ಕೆಳಗೆ, ಎಡ ಬಲ ಹೋಗಿರುತ್ತದೆ, ಹಾಗಾಗಿ ನೆಲದ ಲೆಕ್ಕದಲ್ಲಿ ಸ್ವಲ್ಪ ಹಿಂದೆಯೇ ಇರುತ್ತದೆ. ಆ ತುದಿಯಿಂದಲೂ ಫಿಶ್ ಟೇಪ್ ಇಲ್ಲವೇ ಡಕ್ಟ್ ರಾಡರ್ (ಒಳಗೆ ತಳ್ಳುವ ಉದ್ದನೆಯ ಬಾಗುವ ಕಡ್ಡಿ) ತಳ್ಳಿ ಅಳೆದರೆ ಅಗೆಯುವ ಗುಂಡಿ ಸಣ್ಣದಾಗುತ್ತದೆ. ರೈತರ ಹೊಲವಾದರೆ ಕೇಳಿಕೊಂಡು ಅಗೆಯಿರಿ, ಮುಚ್ಚಿ ಸರಿ ಮಾಡಿಕೊಡಿ.

ಹೊಸ ಕಪ್ಲರ್ ಹಾಕುವಾಗ ಡಕ್ಟ್ ತುದಿಯನ್ನು ಕಟ್ಟರ್‌ನಲ್ಲಿ ನೇರವಾಗಿ ಕತ್ತರಿಸಿ. ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದರೆ ಒಳಗೆ ಸಿಬಿರು ಉಳಿಯುತ್ತದೆ. ಆದ ಮೇಲೆ ಎರಡೂ ತುದಿ ಮುಚ್ಚಿ 5 ಬಾರ್ ಗಾಳಿ ತುಂಬಿ ಒಂದು ಗಂಟೆ ಬಿಡಿ. ಅರ್ಧ ಬಾರ್‌ಗಿಂತ ಜಾಸ್ತಿ ಇಳಿದರೆ ಇನ್ನೂ ಎಲ್ಲೋ ಸೋರುತ್ತಿದೆ ಅಂತ.

ಇದನ್ನು ಹುಡುಗರಿಗೆ ಕೂರಿಸಿ ಹೇಳಿ ಸರ್. ಮ್ಯಾಂಡ್ರಲ್ ಆ ತುದಿಯಿಂದ ಗುಂಡಿನ ಹಾಗೆ ಹೊರಗೆ ಹಾರುತ್ತದೆ. ಯಾರೂ ಡಕ್ಟ್ ಬಾಯಿಗೆ ಎದುರು ನಿಲ್ಲಬಾರದು, ಚೇಂಬರ್ ಒಳಗೆ ಇಳಿದು ಇಣುಕಿ ನೋಡಲೇಬಾರದು. ಹಿಡಿಯುವುದಕ್ಕೆ ಜಾಲರಿಯ ಕ್ಯಾಚರ್ ಕಟ್ಟಿ. ಸಿಕ್ಕಿಕೊಂಡಾಗ ಕಂಪ್ರೆಸರ್ ಆಫ್ ಮಾಡಿದರೂ ಡಕ್ಟಿನೊಳಗೆ ಒತ್ತಡ ಹಾಗೇ ಇರುತ್ತದೆ, ವಾಲ್ವ್ ತೆಗೆದು ಗೇಜ್ ಸೊನ್ನೆಗೆ ಬರುವ ತನಕ ಮಷಿನ್ ಕ್ಲ್ಯಾಂಪ್ ಬಿಚ್ಚಬೇಡಿ, ಅಗೆಯುವುದಕ್ಕೂ ಹೋಗಬೇಡಿ. ಹೋಸ್ ಜಾಯಿಂಟಿಗೆ ಸೇಫ್ಟಿ ವೈರ್ ಹಾಕಿಸಿ. ಎರಡೂ ತುದಿಯವರ ಫೋನ್ ಲೈನಿನಲ್ಲೇ ಇರಲಿ, ನೆಟ್‌ವರ್ಕ್ ಸಿಗದ ಕಡೆ ವಾಕಿಟಾಕಿ.

ತೋರಣಗಲ್ಲು_ಮೆಕ್ಯಾನಿಕ್

ಗೀರು ಬಿದ್ದ ಆ ಹಳೆಯ ಕೇಬಲ್ಲನ್ನು ಹಾಗೇ ಹಾಕಬೇಡಿ. ಡ್ರಮ್ ಮೇಲೆ ಇದ್ದಾಗಲೇ ಓಟಿಡಿಆರ್‌ನಲ್ಲಿ (ಬೆಳಕು ಬಿಟ್ಟು ಫೈಬರ್ ಪರೀಕ್ಷಿಸುವ ಯಂತ್ರ) ಎಲ್ಲ ಫೈಬರ್ ನೋಡಿ. ಬೆಳಕಿನ ಲಾಸ್ ಸರಿ ಇದ್ದರೂ ಹೊದಿಕೆ ಎಲ್ಲಿ ಆಳವಾಗಿ ಕೊರೆದಿದೆಯೋ ಆ ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಸಣ್ಣ ಸ್ಪ್ಯಾನಿಗೆ ಬಳಸಿ. ಕತ್ತರಿಸಿದ ತುದಿಗೆ ಹೀಟ್ ಶ್ರಿಂಕ್ ಕ್ಯಾಪ್ ಅವತ್ತೇ ಹಾಕಿಬಿಡಿ, ನೀರು ಒಳಗೆ ಹೋಗಬಾರದು.